ಎರಡಿಂಚು ಜಾಗ

ಕಾರವಾರದ ಕೋಡಿಬಾಗ ರಸ್ತೆಯ ಪ್ರೆಸ್ಸಿನಲ್ಲಿ
ಲೇಬಲ್ಲು ಕತ್ತರಿಸುವವ ನಾನು.
ಉಪ್ಪಿನಕಾಯಿ, ಫಿನಾಯಿಲು, ಊದುಬತ್ತಿ,
ಯಾವುದಾದರೂ ಸರಿ, ಅಂಟು ಒಂದೇ.

ಈ ವಾರ ಹಸಿರು ಶಾಯಿ ಜಾಸ್ತಿ ಖರ್ಚು.
ಕಾಳಿ ಸೇತುವೆಯಾಚೆ ರೆಸಾರ್ಟಿನ ರೋಹಿದಾಸ ಬಾಂದೇಕರರು
ಐದು ಸಾವಿರ ಹೇಳಿದ್ದಾರೆ:
ಒಂದು ಎಲೆ, ಎಲೆಯ ಮೇಲೊಂದು ಹನಿ,
ಕೆಳಗೆ ದುಂಡಗೆ 'ಸಾವಯವ ವೈನ್'.
"ಹನಿ ಸ್ವಲ್ಪ ಹೊಳೀಬೇಕು ನೋಡು."
ಹೊಳೆಯಿತು, ಮೂರನೇ ಪ್ರೂಫಿಗೆ.

ಸುಳ್ಳಲ್ಲ ಅದು. ಕಾಗದ ಪಕ್ಕಾ ಇದೆ,
ಮೊಹರು, ನಂಬರು, ತಪಾಸಣೆಯ ತಾರೀಖು.
ದ್ರಾಕ್ಷಿ ಘಟ್ಟದಾಚೆಯದು,
ಬಾಟಲಿ ಇನ್ನೂ ದೂರದ್ದು, ಎತ್ತಿದರೆ ಕಲ್ಲಿನ ತೂಕ.
ಬಳ್ಳಿಗೆ ಬೂಜು ಬಂದರೆ ಮೈಲುತುತ್ತ ಹೊಡೆಯಬಹುದಂತೆ,
ನಿಯಮದಲ್ಲೇ ಇದೆಯಂತೆ, ಇಂತಿಷ್ಟು ಕಿಲೋ ಎಂದು.
ತಾಮ್ರ ಆಮೇಲೆ ಎಲ್ಲಿಗೆ ಹೋಗುತ್ತದೆ, ಕೇಳಿದೆ.
"ಮಣ್ಣಿಗೆ," ಅಂದರು, "ಇನ್ನೆಲ್ಲಿಗೆ?"
ಒಳ್ಳೆಯ ಮನುಷ್ಯ. ಅಡ್ವಾನ್ಸು ನಗದು ಕೊಟ್ಟರು.

ಪ್ರೆಸ್ಸಿನ ಮೆಟ್ಟಿಲ ಮೇಲೆ ಕುಸಲಿ ಗೌಡ ಕೂರುತ್ತಾಳೆ,
ಅಂಕೋಲೆಯ ಮೊದಲ ಬಸ್ಸಿಗೆ ಬಂದು.
ಹರಿವೆ, ಬಸಳೆ, ಹುಳ ಕೊರೆದ ಬದನೆ.
ಕೊರೆದದ್ದನ್ನು ಅಡಿಗೆ ಹಾಕುವುದಿಲ್ಲ, ಮೇಲೇ ಇಡುತ್ತಾಳೆ:
"ಅದು ತಿಂದ್ ಬದ್ಕಿದೆ, ನೀವೂ ಬದ್ಕೂರಿ."

ಇವತ್ತು ಒಂದು ಚೀಲ ಕಗ್ಗದ ಅಕ್ಕಿಯೂ ಇತ್ತು, ಕೆಂಪಗೆ, ದಪ್ಪಗೆ.
ಕನ್ನಡಕದ ಹೆಂಗಸೊಬ್ಬಳು ಬಂದಳು,
ಚೀಲದ ಮುಂದೆ ನೋಡಿದಳು, ಹಿಂದೆ ನೋಡಿದಳು,
ತಳ ಎತ್ತಿ ನೋಡಿದಳು. ಇಟ್ಟು ಹೋದಳು.
"ಎಂತಾ ಹುಡ್ಕಿದ್ದು ಅವ್ಳು?"
ಒಳಗಿನಿಂದ ಒಂದು ಎಲೆ ತಂದು ತೋರಿಸಿದೆ.
ಬೆರಳ ತುದಿಯಲ್ಲಿ ಹನಿ ಒರೆಸಲು ನೋಡಿದಳು. ಹೋಗಲಿಲ್ಲ.
"ನಂಗೂ ಒಂದ್ ಮಾಡ್ಕೊಡಿ. ಸಣ್ಣದು."

ಊಟದ ಬಿಡುವಿನಲ್ಲಿ ಬರೆಯಲು ಕೂತೆ. ಹೇಳು ಅಂದೆ.

ಗಜನಿ ಗದ್ದೆ. ಆ ಕಡೆ ಹೊಳೆ, ಈ ಕಡೆ ಸಮುದ್ರ,
ಇಬ್ಬರೂ ದಿನಕ್ಕೆರಡು ಸಲ ಬಂದು
ಒಳಗೆ ಬರಲಾ ಎಂದು ಕೇಳುತ್ತಾರೆ.
ಜಂತ್ರಡಿಯ ಹಲಗೆ ಇಳಿಸುವುದು ಮಂಕಾಳಿಯ ಕೆಲಸ,
ಅವನು ಮಲಗಿಬಿಟ್ಟರೆ ಬೈಲಿಗೆ ಬೈಲೇ ಉಪ್ಪು.
ಉಪ್ಪಿಗೆ ಕಗ್ಗ ಸಾಯದು. ನೆರೆಗೂ ಸಾಯದು,
ಆಳೆತ್ತರ ಬೆಳೆದು ನೀರಿನಿಂದ ತಲೆ ಹೊರಗಿಟ್ಟು ನಿಂತಿರುತ್ತದೆ.
ಗೊಬ್ಬರ ನಾವು ಹಾಕುವುದಲ್ಲ, ಹೊಳೆ ತರುವುದು.
ಬುಡಕ್ಕೆ ಏಡಿ, ತೆನೆಗೆ ಹಕ್ಕಿ, ಅವರ ಪಾಲು ಅಳೆದಿಲ್ಲ.
ಕೊಯ್ಲಿಗೆ ದೋಣಿ ಬೇಕು.
ಕೊಯ್ದ ಮೇಲೆ ಕೂಳೆಯ ನಡುವೆ ಸಿಗಡಿ,
ಆ ದುಡ್ಡು ಒಡ್ಡಿಗೆ.
ಒಬ್ಬರದೇ ಗದ್ದೆ ಅಂತ ಇಲ್ಲ ಅಲ್ಲಿ,
ಒಬ್ಬರು ಬಿಟ್ಟರೆ ಎಲ್ಲರೂ ಬಿಟ್ಟ ಹಾಗೆ.
ಈ ವರ್ಷ ಆರು ಮನೆಯವರು ಬಿಟ್ಟರು.

ಎರಡಿಂಚು ಜಾಗ.
ಅಕ್ಷರವನ್ನು ಆರು ಪಾಯಿಂಟಿಗೆ ಇಳಿಸಿದೆ.
ನಾಲ್ಕಕ್ಕೆ ಇಳಿಸಿದೆ.
ಏಡಿಯ ತನಕ ಹಿಡಿಯಿತು.

ಅಷ್ಟರಲ್ಲಿ ಅವಳಿಗೆ ಇನ್ನೊಂದು ನೆನಪು:
"ಹೋದ್ ವರ್ಷ ಬದ್ನೆಗೆ ಒಂದ್ಸಲ ಪೌಡರ್ ಹೊಡ್ದಿದೆ.
ಹುಳ ಹೆಚ್ಚಾಗಿತ್ತು. ಅದನ್ನೂ ಬರೀರಿ,
ಬಿಡೂದ್ ಬ್ಯಾಡ."
ಅಕ್ಕಿಯ ಚೀಟಿಯಲ್ಲಿ ಬದನೆಯ ಮಾತು ಯಾಕೆ, ಅಂದೆ.
"ಕೈ ಒಂದೇ ಅಲ್ದಾ?"

ಇಪ್ಪತ್ತು ವರ್ಷದಲ್ಲಿ ಯಾವ ಗಿರಾಕಿಯೂ
ಹೀಗೊಂದು ಸಾಲು ಸೇರಿಸಲು ಹೇಳಿದ್ದಿಲ್ಲ.
ಮೌಸ್ ಬಿಟ್ಟು ಎದ್ದೆ.

ಸಂಜೆ ಬಾಂದೇಕರರ ಎಲೆಗಳು ಪೆಟ್ಟಿಗೆ ಸೇರಿದವು.
ಉಳಿದದ್ದು ಕತ್ತರಿಸಿದ ಸುತ್ತಿನ ಹೊಳೆಯುವ ಪಟ್ಟಿ,
ಉದ್ದಕ್ಕೂ ಎಲೆಯಾಕಾರದ ತೂತು.
ಕುಸಲಿ ಅದನ್ನೇ ಕೇಳಿ ತೆಗೆದುಕೊಂಡಳು:
ಬೀಜದ ಮಡಿಗೆ ಕಟ್ಟಿದರೆ ಗುಬ್ಬಿ ಹೆದರುತ್ತದಂತೆ.
ತಲೆಯ ಬುಟ್ಟಿಯಿಂದ ಪಟ್ಟಿ ಜೋತು
ಬಸ್ಸಿನ ಕಿಟಕಿಯಾಚೆ ಪಟಪಟ ಹಾರುತ್ತ ಹೋಯಿತು.

ಚೀಟಿಯಿಲ್ಲದ ಅಕ್ಕಿ ನನ್ನ ಮನೆಗೆ ಬಂತು.
ಎಂಟು ಸೀಟಿಗೂ ಬೇಯಲಿಲ್ಲ.
ಗ್ಯಾಸು ನಿನ್ನಪ್ಪ ಕೊಡ್ತಾರಾ, ಅಂದಳು ಶಶಿಕಲಾ.
ಒಂಬತ್ತೂವರೆಗೆ ಗಂಜಿ ಆಯಿತು.
ಒಂದು ಗುಟುಕು ಕುಡಿದು ಕೇಳಿದೆ,
ಉಪ್ಪು ಹಾಕಿದ್ದೀಯಾ?
ಇನ್ನೂ ಇಲ್ಲ, ಅಂದಳು.