ಸಾವಿರದ ಇನ್ನೂರು ವಾಟ್

ರೂವಿ ಹೈಸ್ಟ್ರೀಟಿನ ನಮ್ಮ ಅಂಗಡಿಯಲ್ಲಿ
ಎಲ್ಲರಿಗಿಂತ ಜೋರಾಗಿ ಮಾತಾಡುವುದು ಡಬ್ಬಗಳು.
ಸಾವಿರದ ಇನ್ನೂರು ವಾಟ್, ಕೆಂಪು ಅಕ್ಷರ,
ಪಕ್ಕದಲ್ಲಿ ಸಿಡಿಲು, ಬಾಯಿ ತೆರೆದ ಹುಲಿ.
ಒಳಗೆ ಥರ್ಮೊಕೋಲಿನ ನಡುವೆ
ಮೊಲದ ಮರಿಯಷ್ಟೇ ತೂಗುವ ಎರಡು ಸ್ಪೀಕರು.

ಮೊದಲ ವರ್ಷ ನಾನೂ ನಂಬಿದ್ದೆ.
ಸಾವಿರದ ಇನ್ನೂರು ಅಂದರೆ
ನಮ್ಮ ರೂಮಿನ ಇಸ್ತ್ರಿಪೆಟ್ಟಿಗೆ!
ಒಂದು ಅಂಗಿಗೆ ಮೀಟರು ಗಿರಗಿರ ತಿರುಗುತ್ತದಲ್ಲ, ಅಷ್ಟು.
ನಾಲ್ಕು ರಿಯಾಲಿಗೆ ಅಷ್ಟನ್ನೂ ಕೊಡುವ ಕಂಪೆನಿಯ
ಧರ್ಮಬುದ್ಧಿಗೆ ಮನಸ್ಸಲ್ಲೇ ಕೈಮುಗಿದು ಮಾರಿದ್ದೆ.

ಕಣ್ಣು ತೆರೆಸಿದ್ದು ರಿಪೇರಿ ಮೇಜಿನ ಇದ್ದಿನಬ್ಬ.
ಉಪ್ಪಿನಂಗಡಿಯವರು, ಕಿವಿಯ ಹಿಂದೆ ಸದಾ ಟೆಸ್ಟರು.
ಒಂದು ಮಧ್ಯಾಹ್ನ ಕುಬ್ಬೂಸು ಹರಿಯುತ್ತಾ ಹೇಳಿದರು:
"ಡಬ್ಬ ಓದಬೇಡ ಮಾರಾಯ, ಅಡಾಪ್ಟರ್ ಓದು.
ಒಂಬತ್ತು ವೋಲ್ಟು, ಒಂದು ಆಂಪಿಯರು. ಗುಣಿಸು."
ಗುಣಿಸಿದೆ. ಒಂಬತ್ತು.
"ಬಾವಿಯಲ್ಲಿ ಒಂಬತ್ತು ಕೊಡ ನೀರು.
ಸಾವಿರದ ಇನ್ನೂರು ಕೊಡ ಸೇದಿದೆ ಅಂದವನಿಗೆ
ನೀನು ಎಂತ ಹೇಳುತ್ತಿ?"

ಏನೂ ಹೇಳಲಿಲ್ಲ. ಡಬ್ಬ ಮಗುಚಿದೆ.
ಬಾರ್‌ಕೋಡಿನ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ
ಆರ್.ಎಂ.ಎಸ್. ಮೂರು ವಾಟ್, ಇಂಟು ಎರಡು.
ಅದೂ ನೂರಕ್ಕೆ ಹತ್ತರಷ್ಟು ಸ್ವರ ಕೆಟ್ಟ ಮೇಲೆ.

ಹಾಗಾದರೆ ಈ ಸಾವಿರ?
"ಅದು ಪಿ.ಎಂ.ಪಿ.ಒ.," ಇದ್ದಿನಬ್ಬ ನಕ್ಕರು,
"ಪ್ರಾಣ ಬಿಡುವ ಮುಂಚೆ ಒಂದು ಕ್ಷಣ
ಕಿರುಚಿದರೆ ಎಷ್ಟೋ, ಅಷ್ಟು.
ಅದನ್ನೂ ಯಾರೂ ಅಳೆದದ್ದಿಲ್ಲ. ಬರೆದವನ ಧೈರ್ಯ.
ಆರ್.ಎಂ.ಎಸ್. ಅಂದರೆ ದಿನವಿಡೀ ದುಡಿದೂ
ಸಂಜೆಗೆ ಸುಟ್ಟುಹೋಗದೆ ಉಳಿಯುವಷ್ಟು."

ಗುರುವಾರ ರಾತ್ರಿ ಮೊಫಿಜುಲ್ ಬಂದ.
ವಾದಿ ಕಬೀರಿನ ಮರಗೆಲಸದವ, ಹುಬ್ಬಿನಲ್ಲಿನ್ನೂ ಗರಗಸದ ಹೊಟ್ಟು.
ನಾಲ್ವರು ಪಾಲು ಹಾಕಿ ಹಳೆಯ ಕಂಪ್ಯೂಟರು ಕೊಂಡಿದ್ದಾರೆ.
ಪಕ್ಕದ ಕೋಣೆಯವರದ್ದು ಎಂಟುನೂರು. ಅದಕ್ಕಿಂತ ದೊಡ್ಡದು ಬೇಕು.
ಗಲ್ಲದಿಂದ ಸೇಟರು ಕಣ್ಣಲ್ಲೇ ಹುಲಿಯನ್ನು ತೋರಿಸಿದರು.

ನಾನು ಇನ್ನೊಂದು ತಂದೆ: ಬೂದು ಡಬ್ಬ, ಚಿತ್ರವಿಲ್ಲ,
ಆರ್.ಎಂ.ಎಸ್. ಹತ್ತು ಎಂದಷ್ಟೇ.
ಮರದ ಮೈ, ಹೊಟ್ಟೆಯಲ್ಲಿ ಟ್ರಾನ್ಸ್‌ಫಾರ್ಮರಿನ ಭಾರ.
ಎರಡನ್ನೂ ಎತ್ತಿ ನೋಡು ಅಂದೆ.
ಮರದವನಲ್ಲವೇ, ಎತ್ತಲಿಲ್ಲ, ಬೆರಳ ಗೆಣ್ಣಿನಿಂದ ತಟ್ಟಿದ.
ಪ್ಲಾಸ್ಟಿಕ್ಕು ಪೊಳ್ಳಾಗಿ ಉತ್ತರಿಸಿತು.
ಮರ ಸುಮ್ಮನಿತ್ತು.
ತಲೆದೂಗಿದ. ಅರ್ಥವಾಯಿತು ಅಂದುಕೊಂಡೆ.
"ಆದರೆ ಇದರ ಮೇಲೆ ಹತ್ತು ಅಂತ ಬರೆದಿದೆಯಲ್ಲ ಭಾಯಿ,
ರೂಮಿನವರಿಗೆ ಏನು ಹೇಳಲಿ?"

ಹುಲಿಯನ್ನೇ ಒಯ್ದ.

ನನಗೆ ನಗು ಬರಲಿಲ್ಲ.
ದಲ್ಲಾಳಿ ಪದ್ದಣ್ಣ ನನ್ನ ಡಬ್ಬದ ಮೇಲೂ ಬರೆದಿದ್ದ:
ಮಸ್ಕತ್ತು, ಕಂಪ್ಯೂಟರ್ ಲೈನು, ತಿಂಗಳಿಗೆ ಮುನ್ನೂರು ರಿಯಾಲು.
ಓವರ್‌ಟೈಮು, ಕಮಿಷನ್ನು, ಊಟ, ಮಂಚ,
ಎರಡು ವರ್ಷಕ್ಕೊಮ್ಮೆಯ ಟಿಕೇಟು, ಎಲ್ಲ ಕೂಡಿಸಿದ್ದ.
ಆ ರಜೆಯ ಮೂವತ್ತು ದಿನ ನಾನೂ ಅಷ್ಟೇ ಕಿರುಚಿದೆ:
ಬಾಡಿಗೆ ಕಾರು, ಅತ್ತರು, ಕಂಡಕಂಡ ಮಕ್ಕಳಿಗೆ ಚಾಕೊಲೇಟು.
ಸುಗಂಧಿ ಹಿಂಬದಿಯ ಸಣ್ಣ ಅಕ್ಷರ
ಯಾವಾಗ ಓದಿದಳೋ ಗೊತ್ತಿಲ್ಲ.
ಹಬ್ಬಕ್ಕೆ ಎಷ್ಟು ಕಳಿಸಲಿ ಎಂದು ಫೋನಿನಲ್ಲಿ ಕೇಳಿದಾಗ
"ತಿಂಗಳು ತಿಂಗಳೂ ಆಗುವಷ್ಟು," ಅಂದಳು,
"ತಪ್ಪದ ಹಾಗೆ."

ಮೂರು ತಿಂಗಳ ಮೇಲೆ ಮೊಫಿಜುಲ್ ಮತ್ತೆ ಸಿಕ್ಕ.
ಹೇಗಿದೆ ಸ್ಪೀಕರು, ಕೇಳಿದೆ, ಎದೆ ಸ್ವಲ್ಪ ಅಳುಕಿ.
ಫಸ್ಟ್‌ಕ್ಲಾಸ್, ಅಂದ. ಕೋಣೆಯಲ್ಲಿ ಎಂಟು ಜನ,
ಯಾವಾಗ ನೋಡಿದರೂ ನಾಲ್ವರು ನೈಟ್ ಮುಗಿಸಿ ಮಲಗಿರುತ್ತಾರೆ.
ಗುಂಡಿಯನ್ನು ಮೊದಲ ಗೆರೆ ದಾಟಿಸಿಯೇ ಇಲ್ಲ.
ಡಬ್ಬ ಮಾತ್ರ ಎಸೆದಿಲ್ಲವಂತೆ.
ಕಪಾಟಿನ ಮೇಲೆ, ಬಾಗಿಲಿಗೆ ಕಾಣುವ ಹಾಗೆ
ಹುಲಿಯ ಮುಖ ಹೊರಗೆ ಮಾಡಿ ಇಟ್ಟಿದ್ದಾರೆ.