ಎರಡು ಸೊನ್ನೆ

ಜೂನ್ ತಿಂಗಳ ಉತ್ತರಪತ್ರಿಕೆಗಳನ್ನು
ಬೀರುವಿನ ಮೇಲಿಂದ ಇಳಿಸಿದೆ. ಧೂಳು,
ಒಂದು ಒಣಗಿದ ಹಲ್ಲಿಮೊಟ್ಟೆ.
ಜನವರಿಯವು ಮೇಜಿನ ಮೇಲಿವೆ,
ಅಂಚಿನಲ್ಲಿ ಬಿಸಿಯೂಟದ ಸಾರಿನ ಬೆರಳಚ್ಚು.
ಅವೇ ಇಪ್ಪತ್ತು ಲೆಕ್ಕ, ಅದೇ ಇಪ್ಪತ್ತಮೂರು ಮಕ್ಕಳು.
ಅಲ್ಲ, ಇಪ್ಪತ್ತೆರಡು. ಸುಹಾನ ಚನ್ನಪಟ್ಟಣಕ್ಕೆ ಹೋದಳು,
ಅವಳ ಜೂನ್ ಮಾತ್ರ ನನ್ನ ಹತ್ತಿರ ಉಳಿಯಿತು.

ನಾಳೆ ಬಸರಾಳಿನಿಂದ ಸಿ.ಆರ್.ಪಿ. ಬರುತ್ತಾರೆ.
ಹೆಲ್ಮೆಟ್ ತೆಗೆಯುವ ಮೊದಲೇ ಕೇಳುತ್ತಾರೆ,
"ಪ್ರಗತಿ ಎಷ್ಟು ಮೇಡಂ?"
ಮೊಬೈಲಿನ ಕೋಷ್ಟಕದಲ್ಲಿ ಲೆಕ್ಕಕ್ಕೊಂದು ಚೌಕ:
ಸರಿಯಾದರೆ ಒಂದು, ತಪ್ಪಾದರೆ ಸೊನ್ನೆ.
ನಡುವೆ ಏನು ಒತ್ತಿದರೂ ಕೆಂಪಗಾಗುತ್ತದೆ.

ಏಳನೆಯ ಲೆಕ್ಕ:
ನಾನೂರ ಮೂರರಲ್ಲಿ ನೂರ ಎಪ್ಪತ್ತೆಂಟು ಕಳೆಯಿರಿ.
ಇಂಚರ, ಐದನೇ ತರಗತಿ, ಜೂನ್: 375.
ಮೂರರಲ್ಲಿ ಎಂಟು ಹೋಗುವುದಿಲ್ಲ,
ಅದಕ್ಕೆ ಎಂಟರಲ್ಲೇ ಮೂರು ಕಳೆದಿದ್ದಾಳೆ.
ಸೊನ್ನೆಯಲ್ಲಿ ಏಳು ಹೋಗುವುದಿಲ್ಲ,
ಅದಕ್ಕೆ ಏಳನ್ನೇ ಇಳಿಸಿದ್ದಾಳೆ.
ಇದ್ದವರಿಂದಲೇ ತೆಗೆಯಬೇಕೆಂಬ
ಅವಳದೇ ಒಂದು ನ್ಯಾಯ.
ಸೊನ್ನೆ.

ಜನವರಿ: 325.
ಇದೂ ಸೊನ್ನೆ.

ಆದರೆ ಪೆನ್ಸಿಲ್ಲಿನ ಗುರುತು ನೋಡಿ.
ಮೂರು ಸಾಲ ಕೇಳಲು ಪಕ್ಕದ ಮನೆಗೆ ಹೋಗಿದೆ.
ಪಕ್ಕದ ಮನೆ ಸೊನ್ನೆ, ಒಲೆಯೇ ಹಚ್ಚಿಲ್ಲ.
ಆ ಸೊನ್ನೆ ಎದ್ದು, ನೂರರ ಮನೆಯ ಬಾಗಿಲು ತಟ್ಟಿ,
ಹತ್ತು ತಂದು, ಒಂದನ್ನು ಮೂರಕ್ಕೆ ಕೊಟ್ಟು,
ಒಂಬತ್ತು ಉಳಿಸಿಕೊಂಡಿದೆ.
ಬರಿಗೈ ಕೊಡುಗೈಯಾದ ಇಷ್ಟು ದೊಡ್ಡ ವ್ಯವಹಾರವನ್ನು
ಸೊನ್ನೆಯ ತಲೆಯ ಮೇಲೆ
ಪುಟ್ಟ 9 ಆಗಿ ಬರೆದಿದ್ದಾಳೆ.
ಮರೆತದ್ದು ಒಂದೇ:
ಕೊಟ್ಟ ಮನೆಯಲ್ಲಿ ನಾಲ್ಕು ಮೂರಾಗಬೇಕಿತ್ತು.

ಆ ಪುಟ್ಟ ಒಂಬತ್ತಿಗೆ ಏಳು ತಿಂಗಳು ಹಿಡಿಯಿತು.
ಚೌಕದಲ್ಲಿ ಅದಕ್ಕೆ ಜಾಗವಿಲ್ಲ.

ಮೋಕ್ಷಿತನದು ಉಲ್ಟಾ. ಆಗ ಹನ್ನೆರಡು, ಈಗ ಒಂಬತ್ತು.
ಆಗ ಇಪ್ಪತ್ತಮೂರನ್ನು ಹದಿನಾಲ್ಕು ಸಲ
ಒಂದರ ಕೆಳಗೊಂದು ಬರೆದು, ಕೂಡಿ, ನಾಲಿಗೆ ಕಚ್ಚಿಕೊಂಡು,
322 ಮುಟ್ಟಿದ್ದ.
ಈಗ ಗುಣಾಕಾರ, ಎರಡೇ ಸಾಲು.
ಎರಡನೆಯದು ಒಂದು ಮನೆ ಎಡಕ್ಕೆ ಸರಿಯಬೇಕಿತ್ತು,
ಸರಿಯಲಿಲ್ಲ. 115.
ಅಂಬೆಗಾಲಲ್ಲಿ ಮನೆಯೆಲ್ಲ ಓಡುತ್ತಿದ್ದ ಕೂಸು
ಎದ್ದು ನಿಂತ ದಿನವೇ ಬೀಳುತ್ತದೆ.
ಯಾವ ತಾಯಿಯೂ ಅದನ್ನು ಹಿನ್ನಡೆ ಎಂದು ಬರೆದುಕೊಳ್ಳುವುದಿಲ್ಲ.

ನಿರಂಜನ ಆಗ ಹದಿನೆಂಟು, ಈಗಲೂ ಹದಿನೆಂಟು.
ಇವನಿಗೆ ಹೊಸದೇನನ್ನೂ ನಾನು ಕೊಡಲಿಲ್ಲ.
ಈ ಸೊನ್ನೆ ನನ್ನದು.

ಇನ್ನು ದಶಮಾಂಶ. 3.6 ಕೂಡಿಸು 2.8.
ಜೂನ್‌ನಲ್ಲಿ ಹತ್ತೊಂಬತ್ತು ಮಂದಿ ಬರೆದದ್ದು 5.14.
ಬೋರ್ಡಿನ ಮೇಲೆ ಪಟ್ಟಿ ಎಳೆದೆ, ಹತ್ತು ಭಾಗ ಮಾಡಿದೆ,
ಸೀಮೆಸುಣ್ಣ ಮುಗಿಯಿತು.
ಆಮೇಲೊಂದು ದಿನ ದೇವಿಕ,
ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬರುವವಳು, ಎದ್ದು ನಿಂತು,
"ಮಿಸ್, ಫ್ಯಾಟು ಮೂರು ಪಾಯಿಂಟ್ ಒಂಬತ್ತಾದ್‌ಮ್ಯಾಕೆ
ಮೂರು ಪಾಯಿಂಟ್ ಹತ್ತು ಬರಕಿಲ್ಲ.
ನಾಕೇ ಬರೋದು" ಅಂದಳು.
ಚುಕ್ಕಿಯ ಹಿಂದೆ ಒಂಬತ್ತು ಜನಕ್ಕಷ್ಟೇ ಜಾಗ,
ಹತ್ತನೆಯವನು ಬಂದರೆ ಎಲ್ಲರೂ ಒಂದಾಗಿ
ಹೊಸ್ತಿಲು ದಾಟಬೇಕೆಂದು
ಹಿಂದಿನ ಬೆಂಚಿಗೂ ಕೇಳಿಸಿತು.
ಜನವರಿಯಲ್ಲಿ ಹನ್ನೊಂದು ಮಂದಿ 6.4.
ದೇವಿಕ ಬರೆದದ್ದು 64.
ಅವಸರದಲ್ಲಿ ಚುಕ್ಕಿಯನ್ನೇ ಬಿಟ್ಟಿದ್ದಾಳೆ, ಪುಣ್ಯಾತ್ಗಿತ್ತಿ.

ಕಿಟಕಿಯಾಚೆ ಕಬ್ಬಿನ ಲಾರಿ ಏದುತ್ತ ಹೋಗುತ್ತಿದೆ.
ಅದರ ತೂಕ ಹೇಳಲು ಒಂದು ಯಂತ್ರ ಇದೆ,
ಸಿಹಿ ಹೇಳಲು ಬೇರೆಯದೇ ಬೇಕು.
ಇಷ್ಟನ್ನು ಕಾರ್ಖಾನೆಯವರೂ ಬಲ್ಲರು.

ಒತ್ತಿದೆ: ಸೊನ್ನೆ. ಒತ್ತಿದೆ: ಸೊನ್ನೆ.
ಕೋಷ್ಟಕ ಹಸಿರಾಗಿ ಧನ್ಯವಾದ ಹೇಳಿತು.
ನನ್ನ ಹಳೆಯ ಹಾಜರಿ ಪುಸ್ತಕದ ಕೊನೆಯ ಹಾಳೆಯಲ್ಲಿ
ಇಂಚರಳ ಹೆಸರಿನ ಮುಂದೆ
ಪುಟ್ಟ 9 ಬರೆದುಕೊಂಡೆ.

ನಾಳೆ ಮೊದಲ ಪಿರಿಯಡ್ಡಿನಲ್ಲಿ, ಸಿ.ಆರ್.ಪಿ. ಕೂತಿದ್ದರೂ ಸರಿಯೇ,
ಬೋರ್ಡಿನ ಮೇಲೆ 403 ಬರೆದು ಕೇಳುತ್ತೇನೆ:
"ಕೊಟ್ಟರಲ್ಲವ್ವ, ಆ ಮನೆಯಲ್ಲೀಗ ಎಷ್ಟು ಉಳೀತು?"
ಕೇಳಿ, ಸುಮ್ಮನೆ ಕಾಯುತ್ತೇನೆ.