ತೂಕಕ್ಕೆ ಕೂತವರು

ಗೂಡ್ಸ್ ಶೆಡ್ಡಿನ ತಕ್ಕಡಿ ಮೆಣಸಿನ ಚೀಲದ್ದು,
ಒಣಮೀನಿನದ್ದು, ಗೇರುಬೀಜದ್ದು.
ಆ ದಿನ ಅದರ ಮೇಲೆ ನನ್ನ ಅಜ್ಜಿ ಸೇಸು
ಬರಿಗಾಲು ಜೋಡಿಸಿ ನಿಂತಳು.
"ಎಂಬತ್ತನಾಲ್ಕು ರಾತಲು"
ಕೂಗಿದರು ಗುಮಾಸ್ತ ಪದ್ದಣ್ಣ ಶೆಣೈ,
ನಶ್ಯದ ಡಬ್ಬಿಯಿಂದ ತಲೆಯೆತ್ತದೆ.

ಬೇಕಾದದ್ದು ನೂರಿಪ್ಪತ್ತು.
ಒಬ್ಬ ಪ್ರಯಾಣಿಕನೆಂದರೆ ಇಷ್ಟು ಭಾರ ಎಂದು
ಯಾವುದೋ ಊರಿನಲ್ಲಿ ಯಾರೋ
ಉಂಡವರನ್ನು ತೂಗಿ ಬರೆದಿಟ್ಟ ಲೆಕ್ಕ.

ಜೆಪ್ಪಿನ ಹಂಚಿನ ಕಾರ್ಖಾನೆಯ ಚಿಮಣಿ
ಹೊಗೆ ಬಿಡದೆ ಆಗಲೇ ಎರಡು ಮಳೆಗಾಲ.
"ಲೋಕಕ್ಕೇ ಬರವಂತೆ, ದುಡ್ಡಿನದು"
ಎಂದಿದ್ದ ಮೇಸ್ತ್ರಿ ಎಬನೇಜರ್ ಸಾಲಿನ್ಸ್,
ಕೊನೆಯ ಬಟವಾಡೆಯ ದಿನ.
ಅಜ್ಜಿಗೆ ಲೋಕವೆಂದರೆ ನೇತ್ರಾವತಿಯ ಆಚೆ ದಡ.
ಅಲ್ಲೂ ಹೀಗೇ ಇರಬೇಕು, ಅಂದುಕೊಂಡಳಂತೆ.

ಆಗ ಬಂತು ಅದು.
ಎಂಜಿನ್ನಿಲ್ಲದ ರೈಲು. ಒಂದೇ ಡಬ್ಬಿ.
ಹೊಟ್ಟೆಯೊಳಗೇ ಯಂತ್ರ, ಮುಂದೆ ಚೂಪು ಮೂತಿ,
ಹಿಂದಕ್ಕೆ ಸಪೂರವಾಗುವ ಬೆನ್ನು,
ಒಂದು ಮೊಳೆಯ ತಲೆಯೂ ಕೈಗೆ ತಾಗದಂತೆ
ಉಜ್ಜಿ ಬಳಿದ ಬೆಳ್ಳಿ ಬಣ್ಣ.
ಗಾಳಿಯನ್ನು ಗುದ್ದಬಾರದು, ಸವರಿಕೊಂಡು ಹೋಗಬೇಕು
ಎಂದು ವಿಟ್ಲಾಕ್ ದೊರೆ ಸೀಮೆಸುಣ್ಣದಲ್ಲಿ
ಪ್ಲಾಟ್‌ಫಾರಮ್ಮಿನ ಮೇಲೆ ಗೆರೆ ಎಳೆದೆಳೆದು ತೋರಿಸಿದ.
ಬೆಂಗ್ರೆಯ ದುಗ್ಗಿ ಬುಟ್ಟಿ ಇಳಿಸದೆಯೇ ನೋಡಿ
"ಬಂಗುಡೆ" ಅಂದಳು.
ಮಂಜು ಹಿಡಿದ ದೀಪದ ಗಾಜು ನೋಡಿ
"ತಾಜಾ ಅಲ್ಲ" ಅಂದಳು.

ಪರೀಕ್ಷೆಗೆ ನಲವತ್ತು ಜನರ ಭಾರ ಬೇಕಿತ್ತು.
ಮರಳಾದರೆ ಗೋಣಿ ಬೇಕು, ಹೊರುವ ಕೂಲಿ ಬೇಕು.
ಮನುಷ್ಯರು ತಾವೇ ಹತ್ತುತ್ತಾರೆ, ತಾವೇ ಇಳಿಯುತ್ತಾರೆ.
ತಲೆಗೆ ಎರಡಾಣೆ.
ಕೆಲಸ ಹೋದವರೆಲ್ಲ ಗೇಟಿನಲ್ಲಿ ಸೇರಿದರು,
ತೂಗಿದಷ್ಟೂ ಕಡಿಮೆ ಬಿದ್ದರು.
ಕೊನೆಗೆ, ಮಾರಾಟವಾಗದೆ ಪಾಚಿಗಟ್ಟಿದ್ದ ರಾಶಿಯಿಂದ
ಹಂಚು ತಂದು ಮಡಿಲಿಗೆ ಹೇರಿದರು.
ಲಾದ್ರುವಿಗೆ ನಾಲ್ಕು, ಕೊಗ್ಗುವಿಗೆ ಐದು,
ಅಜ್ಜಿಗೆ ಆರು.
ಅವಳೇ ಒಮ್ಮೆ ಹೊತ್ತ ಮಣ್ಣೋ ಏನೋ.

"ಅಲುಗಬೇಡಿ, ಲೆಕ್ಕ ತಪ್ಪುತ್ತದೆ" ಎಂದರು.
ಅಲುಗಲಿಲ್ಲ. ಅತ್ತಾವರ ಅಲುಗಿತು,
ತೆಂಗಿನ ಸಾಲು ಅಲುಗಿತು,
ಕಾರ್ಖಾನೆಯ ಚಿಮಣಿ ಕಿಟಕಿಯ ಒಂದು ಅಂಚಿನಲ್ಲಿ ಹುಟ್ಟಿ
ಇನ್ನೊಂದರಲ್ಲಿ ಸತ್ತಿತು.
ಸಂಕದ ಮೇಲೆ ಕಾಲಡಿ ನೀರೇ ನೀರು.
ಮಣ್ಣಿನ ದೋಣಿಯವನೊಬ್ಬ ಜಲ್ಲೆ ಎತ್ತಿ ಹಾಗೇ ನಿಂತುಬಿಟ್ಟ.
ಆಗ ಯಾಕೋ ಅಜ್ಜಿಗೆ ನಗು ಬಂತಂತೆ,
ತಡೆದಷ್ಟೂ ಬಂತಂತೆ;
ಮಡಿಲ ಹಂಚು ಕಟಕಟ ಎಂದು
ಪಕ್ಕದವರಿಗೂ ಅಂಟಿ,
ನಲವತ್ತು ತೂಕಗಳು ಬಾಯಿ ತೆರೆದು ನಕ್ಕವು.

ಉಳ್ಳಾಲ ದಾಟುವಾಗ ಯಂತ್ರ ಕೆಮ್ಮಿತು.
ಕರಿ ಹೊಗೆ, ಸುಟ್ಟ ರಬ್ಬರಿನ ನಾತ.
ದೊರೆ ಟೊಪ್ಪಿ ತೆಗೆದು ಗಾಳಿ ಬೀಸಿಕೊಂಡ,
ಅಷ್ಟು ಹೊತ್ತು ಸವರಿ ಬಂದ ಅದೇ ಗಾಳಿ.
ತೂಕವನ್ನು ಕೆಳಗಿಳಿಸಿದರು. ಹಂಚನ್ನೂ.
ಆಮೇಲೆ ತೂಕವೇ ಡಬ್ಬಿಯನ್ನು
ಸಂಕದುದ್ದಕ್ಕೂ ವಾಪಸು ತಳ್ಳಿತು.
ಕೂತದ್ದಕ್ಕೆ ಎರಡಾಣೆ ಸಿಕ್ಕಿತು.
ತಳ್ಳಿದ್ದಕ್ಕೆ ಪುಸ್ತಕದಲ್ಲಿ ಕಲಮು ಇರಲಿಲ್ಲ.

ಹಂಚಿನ ಲೆಕ್ಕದಲ್ಲಿ ಒಂದು ಕಡಿಮೆ.
"ಒಡೆದದ್ದು" ಎಂದು ಬರೆದರು ಪದ್ದಣ್ಣ ಶೆಣೈ.
ಅವರಿಗೂ ಗೊತ್ತಿತ್ತು.
ನಮ್ಮ ಹುಲ್ಲಿನ ಮಾಡಿನಲ್ಲಿ, ಒಲೆಯ ನೇರಕ್ಕೆ,
ಆ ಒಂದು ಹಂಚನ್ನು ನಾನೂ ನೋಡಿದ್ದೇನೆ.

ಬೆಳ್ಳಿ ಡಬ್ಬಿ ಯಾರ್ಡಿನ ಕೊನೆಯ ಹಳಿಯಲ್ಲಿ ನಿಂತಿತು.
ಒಳಗೆ ಯಾರದೋ ಕೋಳಿ ಮೊಟ್ಟೆಯಿಟ್ಟಿತು.
ಯುದ್ಧ ಬಂದಾಗ ಕಬ್ಬಿಣದ ಬೆಲೆಗೆ ಹೋಯಿತು.
ಅದಕ್ಕೊಂದು ಹೆಸರಿತ್ತೋ ಇಲ್ಲವೋ.

ಎಷ್ಟು ಜೋರಾಗಿ ಓಡಿತ್ತಜ್ಜಿ, ಎಂದರೆ
ದವಡೆಯಲ್ಲಿ ಎಲೆಯಡಿಕೆ ಹೊರಳಿಸಿ
ಬಹಳ ಹೊತ್ತು ಯೋಚಿಸುತ್ತಿದ್ದಳು:
"ಉಗುಳಲಿಕ್ಕೊಂದು ಜಾಗ ಹುಡುಕುವುದರೊಳಗೆ
ಉಳ್ಳಾಲ ಬಂದಿತ್ತು ಮಗಾ.
ನುಂಗಿಬಿಟ್ಟೆ."